ಪಾಸ್‌ವರ್ಡ್ ಕೊಟ್ಟವರ ಮೇಲೂ ಸೈಬರ್ ಕೇಸ್ ಆಗುತ್ತಾ? (ಹೋಂಸ್ಟೇ ವಿಷಯ, ಸ್ವಲ್ಪ ಅರ್ಜೆಂಟ್)

ಕುಮಟಾ ಪೇಟೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನ್ನ ತಂಗಿ ಗೋಕರ್ಣದ ಹತ್ತಿರ ಒಂದು ಹೋಂಸ್ಟೇಯಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದಳು. ಹೆಸರು ಬೇಡ. ಅಲ್ಲಿ ಬುಕಿಂಗ್ ಸಾಫ್ಟ್‌ವೇರಿಗೆ ಇದ್ದದ್ದು ಒಂದೇ ಲಾಗಿನ್. ಹಗಲು ಪಾಳಿ, ರಾತ್ರಿ ಪಾಳಿ, ಮಾಲೀಕರು ಎಲ್ಲರೂ ಅದರಲ್ಲೇ. ಪಾಸ್‌ವರ್ಡ್ ಬರೆದ ಚೀಟಿಯನ್ನು ಮಾನಿಟರಿನ ಕೆಳಗೆ ಟೇಪ್ ಹಾಕಿ ಅಂಟಿಸಿದ್ದರು. ಒಂದು ಸಲ ಮಾಲೀಕರು ಪಾಸ್‌ವರ್ಡ್ ಬದಲಾಯಿಸಿ, ಇವಳಿಗೆ ಮಾತ್ರ ಹೇಳಿ ಬೆಂಗಳೂರಿಗೆ ಹೋದರು. ರಾತ್ರಿ ಹನ್ನೊಂದಕ್ಕೆ ನೈಟ್ ಡ್ಯೂಟಿ ಹುಡುಗನ ಫೋನ್ ಬಂತು. ಗೆಸ್ಟ್ ಬಂದು ನಿಂತಿದ್ದಾರೆ, ಲಾಗಿನ್ ಆಗುತ್ತಿಲ್ಲ ಅಂತ. ಮಾಲೀಕರ ಫೋನ್ ಸ್ವಿಚ್ ಆಫ್. ಇವಳು ವಾಟ್ಸಾಪಿನಲ್ಲಿ ಹೊಸ ಪಾಸ್‌ವರ್ಡ್ ಕಳಿಸಿದಳು. ಅಷ್ಟೇ ಆದದ್ದು.

ಆ ಹುಡುಗ ಆಮೇಲೆ ಕೆಲಸ ಬಿಟ್ಟು ಬೇರೆ ಹೋಂಸ್ಟೇ ಸೇರಿದ. ಅಲ್ಲಿಂದಲೇ ಅದೇ ಪಾಸ್‌ವರ್ಡಿನಲ್ಲಿ ಒಳಗೆ ಹೋಗಿ, ಗೆಸ್ಟ್‌ಗಳ ನಂಬರೆಲ್ಲ ತೆಗೆದು ಅವರಿಗೆ ಆಫರ್ ಮೆಸೇಜ್ ಕಳಿಸಿದ್ದಾನಂತೆ. ತಂಗಿಯೂ ಈಗ ಅಲ್ಲಿ ಇಲ್ಲ. ಮಾಲೀಕರು ಫೋನ್ ಮಾಡಿ, "ಪಾಸ್‌ವರ್ಡ್ ಕೊಟ್ಟವಳು ನೀನು. ಇಬ್ಬರ ಮೇಲೂ ಸೈಬರ್ ಕೇಸ್ ಹಾಕುತ್ತೇನೆ, ಜಾಮೀನೂ ಸಿಗುವುದಿಲ್ಲ" ಅಂದಿದ್ದಾರೆ. ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಪಾಸ್‌ವರ್ಡ್ ಕೊಡುವುದೇ ಅಪರಾಧವಾ? ಗೊತ್ತಿದ್ದವರು ಹೇಳಿ.

ಬೈತಖೋಲ

ಮಾರಾಯ್ರೆ, ಚೀಟಿ ಅಂಟಿಸಿದ ಮಾಲೀಕರ ಮೇಲೆ ಮೊದಲು ಕೇಸ್ ಹಾಕಬೇಕು. ಬೋಟಿನ ಕೀಲಿ ತಾಂಡೇಲನ (ಬೋಟ್ ನಡೆಸುವವನ) ಕೈಯಲ್ಲೇ ಇರುತ್ತದೆ. ಅವನು ಕೆಲಸ ಬಿಟ್ಟಾಗ ಕೀಲಿ ವಾಪಸ್ ಇಸ್ಕೊಳ್ಳುವುದು ಯಾರ ಜವಾಬ್ದಾರಿ? ಮಾಲೀಕನದೇ ಅಲ್ವಾ?

ಶಿರಸಿ ಕೋರ್ಟ್ ರಸ್ತೆ

ಕುಮಟಾದವರೇ, ಮೊದಲು ಅಮ್ಮನಿಗೆ ಊಟ ಮಾಡಲು ಹೇಳಿ. ನಾನು ವಕೀಲ. ಕ್ರಿಮಿನಲ್ ಕಡೆ ಜಾಸ್ತಿ ಓಡಾಟ. ಕಾಗದಪತ್ರ ನೋಡದೆ ಪೂರ್ತಿ ಹೇಳುವುದು ಸರಿಯಲ್ಲ, ಆದರೂ ಕಾನೂನು ಎಲ್ಲಿ ನಿಂತಿದೆ ಅಂತ ಹೇಳಬಹುದು.

2000ರ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಲ್ಲಿ "ಪಾಸ್‌ವರ್ಡ್ ಹಂಚಿಕೊಳ್ಳುವುದು ಅಪರಾಧ" ಅಂತ ಒಂದು ಕಲಮೂ ಇಲ್ಲ. ಇರುವುದು ಬೇರೆ ಥರ. ಕಲಂ 43ರ ಪ್ರಕಾರ, ಕಂಪ್ಯೂಟರಿನ ಮಾಲೀಕ ಅಥವಾ ಅದರ ಉಸ್ತುವಾರಿ ಹೊತ್ತವರ ಅನುಮತಿ ಇಲ್ಲದೆ ಒಳಗೆ ಹೋದರೆ, ಡೇಟಾ ಇಳಿಸಿಕೊಂಡರೆ, ನಕಲು ಮಾಡಿದರೆ, ಪರಿಹಾರ ಕೊಡಬೇಕು. ಇದು ದುಡ್ಡಿನ ವಿಷಯ, ಜೈಲಿನದಲ್ಲ. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ ಆಗ ಕಲಂ 66 ಬರುತ್ತದೆ. 3 ವರ್ಷದವರೆಗೆ ಜೈಲು, ಅಥವಾ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ 66ಸಿ. ಅದಕ್ಕೆ 3 ವರ್ಷದವರೆಗೆ ಜೈಲು ಮತ್ತು 1 ಲಕ್ಷದವರೆಗೆ ದಂಡ. ಇದು ಬಳಸಿದವನಿಗೆ ಹೇಳಿದ್ದು, ಕೊಟ್ಟವರಿಗಲ್ಲ.

ಕೊಟ್ಟವರಿಗೆ ತಾಗಬಹುದಾದದ್ದು 43ರ ಜಿ ಉಪಕಲಂ. ಕಾಯ್ದೆಗೆ ವಿರುದ್ಧವಾಗಿ ಯಾರಾದರೂ ಒಳಗೆ ಹೋಗುವುದಕ್ಕೆ ನೆರವು ಕೊಡುವುದು. ಆದರೆ ನಿಮ್ಮ ತಂಗಿ ಕಳಿಸಿದ ಹೊತ್ತಿಗೆ ಆ ಹುಡುಗ ಅಲ್ಲಿನ ಕೆಲಸಗಾರ. ಅದೇ ಲಾಗಿನ್ ಅವನೂ ದಿನಾ ಬಳಸುತ್ತಿದ್ದ. ಆ ರಾತ್ರಿ ಒಳಗೆ ಹೋಗಲು ಅವನಿಗೆ ಹಕ್ಕಿತ್ತು. ಇನ್ನೊಂದು ವಿಷಯ. ಮಾಲೀಕರು ಊರಲ್ಲಿಲ್ಲ, ಪಾಸ್‌ವರ್ಡ್ ಇವಳಿಗೆ ಮಾತ್ರ ಹೇಳಿದ್ದಾರೆ. ಆ ಹೊತ್ತಿಗೆ ಉಸ್ತುವಾರಿ ಯಾರದು? ಇವಳದೇ ಅಂತ ನಾನು ವಾದಿಸುತ್ತೇನೆ. ಅಪ್ರಾಮಾಣಿಕ ಅಂದರೆ ಒಬ್ಬರಿಗೆ ಅನ್ಯಾಯದ ಲಾಭ ಅಥವಾ ಇನ್ನೊಬ್ಬರಿಗೆ ಅನ್ಯಾಯದ ನಷ್ಟ ಮಾಡುವ ಉದ್ದೇಶ ಇರಬೇಕು. ಗೆಸ್ಟಿಗೆ ರೂಮ್ ಕೊಡಿಸುವುದರಲ್ಲಿ ಅದೆಲ್ಲಿ?

ಜಾಮೀನು ಸಿಗುವುದಿಲ್ಲ ಅಂದದ್ದು ಸುಮ್ನೆ ಹೆದರಿಸಲಿಕ್ಕೆ. 77ಬಿ ಓದಿ. ಈ ಕಾಯ್ದೆಯಲ್ಲಿ 3 ವರ್ಷ ಶಿಕ್ಷೆಯ ಅಪರಾಧಗಳಿಗೆ ಜಾಮೀನು ಸಿಗುತ್ತದೆ.

ಘಟ್ಟದ ಮೇಲಿನವ

ಮೂಲ ಯಲ್ಲಾಪುರ, ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್. ವಕೀಲರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೆಚ್ಚುಕಡಿಮೆ ಇದೇ ಕಥೆ ಅಮೆರಿಕದಲ್ಲಿ ನಡೆದಿದೆ. ನೋಸಲ್ ಅಂತ ಒಬ್ಬ, ದೊಡ್ಡ ಹುದ್ದೆಗಳಿಗೆ ಜನ ಹುಡುಕಿಕೊಡುವ ಕಂಪನಿ ಬಿಟ್ಟು ತನ್ನದೇ ಶುರು ಮಾಡಿದ. ಅವನ ಜೊತೆ ಬಂದವರು ಹಳೇ ಕಂಪನಿಯ ಡೇಟಾಬೇಸ್ ಬಳಸುವುದು ನಿಲ್ಲಿಸಲಿಲ್ಲ. ಹೇಗೆ? ಅವನ ಹಳೇ ಸಹಾಯಕಿ ಇನ್ನೂ ಆ ಕಂಪನಿಯಲ್ಲೇ ಇದ್ದಳು, ಅವಳ ಪಾಸ್‌ವರ್ಡಿನಲ್ಲಿ. ಅವಳು ಒಪ್ಪಿಯೇ ಕೊಟ್ಟಿದ್ದು. ಆದರೂ 2016ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಅವನಿಗೆ ಆದ ಶಿಕ್ಷೆ ಎತ್ತಿ ಹಿಡಿಯಿತು. ಅನುಮತಿ ಕೊಡಬೇಕಾದ್ದು ಕಂಪನಿ, ಅದು ವಾಪಸ್ ತಗೊಂಡಾಗಿದೆ, ಒಳಗಿನ ಉದ್ಯೋಗಿ ಒಪ್ಪಿದರೆ ಸಾಲದು ಅಂತ ಲೆಕ್ಕ. ಮೂವರು ಜಡ್ಜ್‌ಗಳಲ್ಲಿ ಒಬ್ಬರು ಒಪ್ಪಲಿಲ್ಲ. ಹೀಗೆ ಹೋದರೆ ಮನೆಮಂದಿ ಪಾಸ್‌ವರ್ಡ್ ಹಂಚಿಕೊಳ್ಳುವುದೂ ಅಪರಾಧ ಆಗಿಬಿಡುತ್ತದೆ ಅನ್ನುವುದು ಅವರ ತಕರಾರು.

ಅಲ್ಲಿನದು ನಮಗೆ ಕಾನೂನಲ್ಲ ಬಿಡಿ. ಆದರೆ ಕೆಲಸ ಬಿಟ್ಟ ಮೇಲೆ ಒಳಗೆ ಹೋದ ಆ ಹುಡುಗ ಇಲ್ಲೂ ತಪ್ಪಿಸಿಕೊಳ್ಳುವುದು ಕಷ್ಟ.

ಒಂದು ಪ್ರಶ್ನೆ. ಗೋಕರ್ಣ ಅಂದ ಮೇಲೆ ವಿದೇಶಿಯರು ಬರುತ್ತಾರೆ. ಸಿ ಫಾರ್ಮ್ ಲಾಗಿನ್ನಿಗೂ ಅದೇ ಪಾಸ್‌ವರ್ಡ್ ಇತ್ತಾ?

ಕುಮಟಾ ಪೇಟೆ

ತಂಗಿಯನ್ನು ಕೇಳಿದೆ. ಹೌದಂತೆ. ಎರಡಕ್ಕೂ ಒಂದೇ. ಹೋಂಸ್ಟೇ ಹೆಸರು, ಮುಂದೆ 123.

ಘಟ್ಟದ ಮೇಲಿನವ

ದೇವರೇ.

ವಿದೇಶಿ ಗೆಸ್ಟ್ ಬಂದ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರ ಸರ್ಕಾರಿ ಪೋರ್ಟಲಿಗೆ ಹಾಕುವ ಜಾಗ ಅದು. ಮಾಲೀಕರು ಪೊಲೀಸರ ಹತ್ತಿರ ಹೋದರೆ ಮೊದಲ ಪ್ರಶ್ನೆ ಅವರಿಗೇ ಬರುತ್ತದೆ. 2023ರ ಡೇಟಾ ರಕ್ಷಣೆ ಕಾಯ್ದೆ ಪೂರ್ತಿ ಜಾರಿಯಾದ ಮೇಲಂತೂ ಗಿರಾಕಿಗಳ ಮಾಹಿತಿ ಕಾಯದವರಿಗೆ ದಂಡ 250 ಕೋಟಿವರೆಗೂ ಹೋಗಬಹುದು. ಹೋಂಸ್ಟೇಗೆ ಅಷ್ಟು ಹಾಕುವುದಿಲ್ಲ ಅನ್ನಿ. ಆದರೂ.

ತೋಟದ ಮನೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಶಿರಸಿಯಿಂದ ಒಳಗೆ ನಮ್ಮೂರು. ಮನೆ ಹತ್ತಿರ ನೆಟ್‌ವರ್ಕ್ ಇಲ್ಲ. ಗುಡ್ಡದ ನೆತ್ತಿಗೆ ಹೋದರೆ ಎರಡು ಕಡ್ಡಿ ಬರುತ್ತದೆ, ಒಟಿಪಿ ಬರುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತದೆ. ಹಾಗಾಗಿ ನಮ್ಮ ಯಜಮಾನರ ನೆಟ್ ಬ್ಯಾಂಕಿಂಗ್ ಪೂರ್ತಿ ಬೆಂಗಳೂರಲ್ಲಿರುವ ಮಗನ ಕೈಯಲ್ಲಿ. ಪಾಸ್‌ವರ್ಡೂ ಅವನ ಹತ್ತಿರ, ಸಿಮ್ಮೂ ಅವನ ಹತ್ತಿರ. ಅಡಿಕೆ ದುಡ್ಡು ಬಂದರೆ ಅವನೇ ಗೊಬ್ಬರದವರಿಗೆ ಹಾಕುತ್ತಾನೆ. ಇದೂ ಅಪರಾಧವಾ ವಕೀಲರೇ? ಇಲ್ಲಿ ಓದಿ ಗಾಬರಿ ಆಯ್ತು.

ಶಿರಸಿ ಕೋರ್ಟ್ ರಸ್ತೆ

ಅಪರಾಧ ಅಲ್ಲ ಅಕ್ಕ. ಅಣ್ಣನವರ ಒಪ್ಪಿಗೆ ಇದೆ, ಮಗ ಅವರಿಗೋಸ್ಕರವೇ ಮಾಡುತ್ತಿದ್ದಾನೆ, ಮೋಸ ಇಲ್ಲ. ಪೊಲೀಸರಿಗೆ ಇಲ್ಲೇನೂ ಕೆಲಸ ಇಲ್ಲ. ಬ್ಯಾಂಕಿನ ಷರತ್ತು ಮುರಿದ ಹಾಗೆ ಆಗುತ್ತದೆ, ಅದು ಬೇರೆ ತಲೆನೋವು.

ಪಾಸ್‌ಬುಕ್

ಆ ತಲೆನೋವಿನ ಬಗ್ಗೆ ನಾನು ಹೇಳುತ್ತೇನೆ. ಬ್ಯಾಂಕಿನಿಂದ ನಿವೃತ್ತ, ಈಗ ಕಾರವಾರದಲ್ಲೇ ವಾಸ.

ಜೈಲು ಇಲ್ಲ ಅಂದ ಮಾತ್ರಕ್ಕೆ ನಷ್ಟ ಇಲ್ಲ ಅಂತಲ್ಲ. ಬೆಂಗಳೂರಿನ ಒಂದು ಪ್ರಕರಣ ಪೇಪರಿನಲ್ಲೆಲ್ಲ ಬಂದಿತ್ತು. 2013ರ ನವೆಂಬರ್. ಬಾಣಂತಿ ಹೆಂಗಸು, ಮನೆಯಿಂದ ಹೊರಗೆ ಹೋಗುವ ಹಾಗಿಲ್ಲ. ಗಂಡನಿಗೆ ಎಟಿಎಂ ಕಾರ್ಡು, ಪಿನ್ ಕೊಟ್ಟು 25,000 ರೂಪಾಯಿ ತರಲು ಕಳಿಸಿದರು. ಮೆಷಿನ್ನಿಂದ ಚೀಟಿ ಬಂತು, ದುಡ್ಡು ಬರಲಿಲ್ಲ. ಖಾತೆಯಿಂದ ಕಡಿತವಾಯಿತು. ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ವರ್ಷಗಟ್ಟಲೆ ನಡೆದು 2018ರಲ್ಲಿ ತೀರ್ಪು ಬಂತು, ಬ್ಯಾಂಕಿನ ಪರ. ಪಿನ್ ಇನ್ನೊಬ್ಬರಿಗೆ ಕೊಟ್ಟದ್ದೇ ನಿಯಮದ ಉಲ್ಲಂಘನೆ, ಆ ಇನ್ನೊಬ್ಬ ಗಂಡನಾದರೂ ಅಷ್ಟೇ ಅಂತ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯೂ ಅದನ್ನೇ ಹೇಳಿದೆ. ಗ್ರಾಹಕ ತಾನೇ ಪಾಸ್‌ವರ್ಡ್, ಪಿನ್ ಕೊಟ್ಟು ದುಡ್ಡು ಹೋದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಪೂರ್ತಿ ಅವನದು. ತಿಳಿಸಿದ ಮೇಲೆ ಆಗುವುದು ಬ್ಯಾಂಕಿನದು. ಅದಕ್ಕೇ ಫೋನ್ ಮಾಡಲು ತಡ ಮಾಡಬೇಡಿ ಅನ್ನುವುದು.

ತೋಟದ ಮನೆ ಅಕ್ಕ, ಮಗನ ಹೆಸರನ್ನು ಜಂಟಿಯಾಗಿ ಸೇರಿಸಿ. ಇಬ್ಬರಲ್ಲಿ ಯಾರಾದರೂ ವ್ಯವಹಾರ ಮಾಡಬಹುದು ಅಂತ ಫಾರಂ ಇರುತ್ತದೆ. ಆಗ ಅವನಿಗೆ ಅವನದೇ ಲಾಗಿನ್ ಸಿಗುತ್ತದೆ. ಇನ್ನೊಂದು ಮಾತು, ಕೆಟ್ಟದ್ದು ಅಂದುಕೊಳ್ಳಬೇಡಿ. ನಾನು ಕೌಂಟರಿನಲ್ಲಿದ್ದಾಗ ಪದೇ ಪದೇ ಕಂಡದ್ದು. ಅಪ್ಪ ತೀರಿಕೊಂಡ ಮಾರನೇ ದಿನ ಮಗ ಅಪ್ಪನ ಕಾರ್ಡಿನಲ್ಲಿ ದುಡ್ಡು ತೆಗೆಯುತ್ತಾನೆ. ಕ್ರಿಯೆಯ ಖರ್ಚಿಗೇ ಇರಬಹುದು. ಅಪ್ಪ ಕೊಟ್ಟ ಒಪ್ಪಿಗೆ ಅಪ್ಪನ ಜೊತೆಗೇ ಹೋಯಿತು. ಆಮೇಲೆ ಅದು ವಾರಸುದಾರರೆಲ್ಲರ ಹಣ. ಅಕ್ಕತಂಗಿಯರು ಸ್ಟೇಟ್‌ಮೆಂಟ್ ತಗೊಂಡು ಬಂದು ನನ್ನ ಕೌಂಟರಿನ ಮುಂದೆ ಜಗಳ ಆಡಿದ್ದಿದೆ.

ಬೈತಖೋಲ

ಹಾಗಾದರೆ ನನ್ನ ಕಥೆ ಎಂತ? ಗೋವಾದಲ್ಲಿರುವ ಅಳಿಯ ನನ್ನ ನೆಟ್‌ಫ್ಲಿಕ್ಸ್ ನೋಡುತ್ತಿದ್ದ. ದುಡ್ಡು ಕೊಡುವುದು ನಾನು, ಕ್ರಿಕೆಟ್ ಡಾಕ್ಯುಮೆಂಟರಿ ನೋಡುವುದು ಅವನು. ಇಬ್ಬರೂ ಒಳಗೆ ಹೋಗಬೇಕಾ? 😀

ಘಟ್ಟದ ಮೇಲಿನವ

ಹೋಗಬೇಕಿಲ್ಲ ಬಿಡಿ. ಅದು ನಿಮ್ಮ ಮತ್ತು ಕಂಪನಿಯ ನಡುವಿನ ಕರಾರು. ಮುರಿದರೆ ಅಕೌಂಟ್ ಬಂದ್ ಮಾಡುತ್ತಾರೆ. ತಮಾಷೆ ಅಂದರೆ ಇದೇ ಕಂಪನಿ 2017ರಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಅಂತ ಟ್ವೀಟ್ ಮಾಡಿತ್ತು. 2023ರ ಜುಲೈನಲ್ಲಿ ಭಾರತದಲ್ಲೂ ಒಂದು ಅಕೌಂಟ್ ಒಂದೇ ಮನೆಗೆ ಅಂತ ಬಿಗಿ ಮಾಡಿತು. ಪ್ರೀತಿ ಮುಗಿಯಿತು.

ಬೇರೆ ದೇಶಗಳಲ್ಲಿ ಇದನ್ನೂ ಅಪರಾಧದ ಹತ್ತಿರ ತಂದಿದ್ದಾರೆ. ಅಮೆರಿಕದ ಟೆನೆಸಿ ರಾಜ್ಯ 2011ರಲ್ಲೇ ಕಾನೂನು ಮಾಡಿತು. ಬ್ರಿಟನ್ನಿನ ಬೌದ್ಧಿಕ ಆಸ್ತಿ ಕಚೇರಿ 2022ರ ಡಿಸೆಂಬರಿನಲ್ಲಿ ಸ್ಟ್ರೀಮಿಂಗ್ ಪಾಸ್‌ವರ್ಡ್ ಹಂಚುವುದೂ ಕಾನೂನುಬಾಹಿರ ಅನ್ನುವ ಥರ ಪ್ರಕಟಿಸಿ, ಗಲಾಟೆಯಾದ ಮೇಲೆ ಆ ಸಾಲು ತೆಗೆದುಹಾಕಿತು.

ಆದರೆ ಪಾಸ್‌ವರ್ಡನ್ನು ತಿಂಗಳಿಗೆ ಇಷ್ಟು ಅಂತ ಹತ್ತು ಜನಕ್ಕೆ ಮಾರಿದರೆ ಅದು ಅಳಿಯನ ವಿಷಯ ಅಲ್ಲ, ದಂಧೆ. ಅಲ್ಲಿ ಮೋಸದ ಉದ್ದೇಶ ತೋರಿಸುವುದು ಪೊಲೀಸರಿಗೆ ಕಷ್ಟವಾಗುವುದಿಲ್ಲ.

ಹೊನ್ನಾವರ ಝೆರಾಕ್ಸ್

ಎಲ್ಲರೂ ಹೇಳಿದ್ದು ಓದಿದೆ. ನನ್ನದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ. ನಮ್ಮ ಕಷ್ಟ ಯಾರೂ ಕೇಳುವುದಿಲ್ಲ. ಸ್ಕಾಲರ್‌ಶಿಪ್, ಪಹಣಿ, ಪ್ಯಾನ್ ಕಾರ್ಡ್, ಎಲ್ಲದಕ್ಕೂ ಜನ ಬರುತ್ತಾರೆ. ಇಮೇಲ್ ಇಲ್ಲ ಅನ್ನುತ್ತಾರೆ, ನಾವೇ ಮಾಡಿಕೊಡಬೇಕು. ಪಾಸ್‌ವರ್ಡ್ ಬರೆದು ಕೊಟ್ಟರೆ "ನಿಮ್ಮ ಹತ್ತಿರವೇ ಇರಲಿ, ನಮ್ಮ ಮನೆಯಲ್ಲಿ ಕಳೆದುಹೋಗುತ್ತದೆ" ಅನ್ನುತ್ತಾರೆ. ಇನ್ನೂರು ಪುಟದ ನೋಟ್‌ಬುಕ್ ತುಂಬಿದೆ ನನ್ನ ಹತ್ತಿರ. ಎಡಗಡೆ ಹೆಸರು, ಊರು. ಬಲಗಡೆ ಪಾಸ್‌ವರ್ಡ್. ನಾನೇನು ಕೇಳಿ ಇಸ್ಕೊಂಡದ್ದಲ್ಲ. ನಾಳೆ ಯಾರಾದರೂ ದೂರು ಕೊಟ್ಟರೆ ನಾನೂ ಕಳ್ಳನಾ?

ಮಾಜಿ ಮೆಂಬರ್

ಕೇಳದೆ ಇಟ್ಟುಕೊಂಡರೂ ಇಟ್ಟುಕೊಂಡದ್ದೇ. ನಮ್ಮೂರ ಕಡೆ ಒಬ್ಬ ಅಂಗಡಿಯವ ಎಲ್ಲರ ಇಮೇಲಿಗೂ ತನ್ನದೇ ಮೊಬೈಲ್ ನಂಬರ್ ಹಾಕಿದ್ದ. ಪಾಸ್‌ವರ್ಡ್ ಮರೆತರೆ ಕೋಡ್ ಬರುವುದು ಅವನಿಗೆ. ಮೂವತ್ತು ರೂಪಾಯಿ ಕೊಟ್ಟು ನಮ್ಮದೇ ಇಮೇಲ್ ತೆರೆಸಿಕೊಳ್ಳಬೇಕು. ಇದು ವ್ಯಾಪಾರವಾ?

ಹೊನ್ನಾವರ ಝೆರಾಕ್ಸ್

ಅದನ್ನು ನಾನು ಮಾಡಿಲ್ಲ ಸ್ವಾಮಿ. ಯಾರೋ ಮಾಡಿದ್ದನ್ನು ನನ್ನ ತಲೆಗೆ ಕಟ್ಟಬೇಡಿ.

ಶಿರಸಿ ಕೋರ್ಟ್ ರಸ್ತೆ

ಜಗಳ ಬೇಡ. ಹೊನ್ನಾವರದವರೇ, ಗಿರಾಕಿ ಒಪ್ಪಿ ಕೊಟ್ಟದ್ದನ್ನು ಗಿರಾಕಿಯ ಕೆಲಸಕ್ಕೇ ಬಳಸಿದರೆ ನೀವು ಕಳ್ಳರಲ್ಲ. ಆದರೆ ಆ ನೋಟ್‌ಬುಕ್ ನಿಮ್ಮ ಅಂಗಡಿ ಹುಡುಗನ ಕೈಗೆ ಸಿಕ್ಕಿ, ಅವನು ಯಾರದೋ ಖಾತೆಗೆ ಕೈ ಹಾಕಿದರೆ, ಪೊಲೀಸರು ಮೊದಲು ಬರುವುದು ನಿಮ್ಮ ಬಾಗಿಲಿಗೆ. ಅರ್ಜಿ ಮುಗಿದ ಮೇಲೆ ಬರೆದು ಕೊಟ್ಟು ಕಳಿಸಿ, ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ಬೈಯುವವರು ಬೈಯಲಿ.

ರೈಲ್ವೆ ಟಿಕೆಟ್ ಮಾಡುತ್ತೀರಾ?

ಹೊನ್ನಾವರ ಝೆರಾಕ್ಸ್

ಹಬ್ಬದ ಟೈಮಲ್ಲಿ ಮಾಡುತ್ತೇನೆ. ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ಬೆಂಗಳೂರಿನ ಹುಡುಗರೆಲ್ಲ ಕೇಳುತ್ತಾರೆ. ನನ್ನ ಐಡಿ, ಅಣ್ಣನ ಐಡಿ, ಅತ್ತಿಗೆಯ ಐಡಿ. ಟಿಕೆಟಿಗೆ ಸ್ವಲ್ಪ ಮೇಲೆ ತಗೊಳ್ಳುತ್ತೇನೆ.

ಶಿರಸಿ ಕೋರ್ಟ್ ರಸ್ತೆ

ಇವತ್ತೇ ನಿಲ್ಲಿಸಿ. ಇದರಲ್ಲಿ ಐಟಿ ಕಾಯ್ದೆವರೆಗೂ ಹೋಗಬೇಕಿಲ್ಲ. 1989ರ ರೈಲ್ವೆ ಕಾಯ್ದೆಯ ಕಲಂ 143 ಸಾಕು. ಅಧಿಕಾರ ಇಲ್ಲದೆ ಟಿಕೆಟ್ ತೆಗೆದುಕೊಡುವ ವ್ಯಾಪಾರ ಮಾಡಿದರೆ 3 ವರ್ಷದವರೆಗೆ ಜೈಲು, ಅಥವಾ 10,000ದವರೆಗೆ ದಂಡ, ಅಥವಾ ಎರಡೂ. ಆನ್‌ಲೈನ್ ಟಿಕೆಟಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ನೆಂಟರಿಗೆ, ಸ್ನೇಹಿತರಿಗೆ ಸ್ವಂತ ಐಡಿಯಲ್ಲಿ ಮಾಡಿಕೊಟ್ಟರೆ ತೊಂದರೆ ಇಲ್ಲ. ಲಾಭಕ್ಕೆ ಮಾಡಬಾರದು. ಬೇಕಾದರೆ ಅಧಿಕೃತ ಏಜೆಂಟ್ ಆಗಿ.

ಮಾಜಿ ಮೆಂಬರ್

ಪಂಚಾಯ್ತಿ ವಿಷಯವೂ ಹೇಳಿಬಿಡಿ ವಕೀಲರೇ. ಅಧ್ಯಕ್ಷರ ಡೋಂಗಲ್ ಕಂಪ್ಯೂಟರ್ ಆಪರೇಟರ್ ಡ್ರಾಯರಿನಲ್ಲಿ ಇರುವುದನ್ನು ನಾನೇ ಕಂಡಿದ್ದೇನೆ. ಪಿನ್ ಕೂಡ ಅವನಿಗೇ ಗೊತ್ತು. ಬಿಲ್ ಪಾಸಾದದ್ದು ಅಧ್ಯಕ್ಷರಿಗೆ ಆಮೇಲೆ ಗೊತ್ತಾಗುತ್ತಿತ್ತು.

ಶಿರಸಿ ಕೋರ್ಟ್ ರಸ್ತೆ

ಈ ಇಡೀ ಚರ್ಚೆಯಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಇದೇ. ಡೋಂಗಲ್ ಅಂದರೆ ಡಿಜಿಟಲ್ ಸಹಿ. ಅದರ ಕೀಲಿ ತನ್ನ ಹತೋಟಿಯಲ್ಲೇ ಇರುವ ಹಾಗೆ ನೋಡಿಕೊಳ್ಳಬೇಕು, ಬೇರೆಯವರಿಗೆ ತಿಳಿಯದ ಹಾಗೆ ಕಾಪಾಡಬೇಕು ಅಂತ ಐಟಿ ಕಾಯ್ದೆಯ ಕಲಂ 42 ನೇರವಾಗಿ ಹೇಳುತ್ತದೆ. ಬೇರೆ ಪಾಸ್‌ವರ್ಡ್‌ಗಳ ಬಗ್ಗೆ ಕಾಯ್ದೆಯಲ್ಲಿ ಈ ಥರದ ಮಾತು ಇಲ್ಲ. ಕೀಲಿ ಕೈ ತಪ್ಪಿದರೆ ಸಹಿ ಕೊಟ್ಟ ಸಂಸ್ಥೆಗೆ ತಡ ಮಾಡದೆ ತಿಳಿಸಬೇಕು. ತಿಳಿಸುವವರೆಗೆ ಹೊಣೆ ಸಹಿಯ ಒಡೆಯರದು. ಆಪರೇಟರ್ ಒತ್ತಿದ ಅಂತ ಅಧ್ಯಕ್ಷರು ಹೇಳಿದರೆ, "ಡೋಂಗಲ್ ಅವನ ಡ್ರಾಯರಿಗೆ ಹೇಗೆ ಬಂತು?" ಅಂತ ಕೇಳುತ್ತಾರೆ. ಪೇಟೆಯಲ್ಲಿ ಆಡಿಟರ್ ಹತ್ತಿರ ಡೋಂಗಲ್ ಬಿಟ್ಟುಬಂದ ವ್ಯಾಪಾರಸ್ಥರಿಗೂ ಇದೇ ಮಾತು.

ಬೈತಖೋಲ

ಪಂಚಾಯ್ತಿ ಬಿಡಿ, ಪಾರ್ಲಿಮೆಂಟಿನಲ್ಲೇ ಆಗಿದೆಯಲ್ಲ. ಸಂಸದೆ ಮಹುವಾ ಮೊಯಿತ್ರಾ ತಮ್ಮ ಲಾಗಿನ್ ಉದ್ಯಮಿಗೆ ಕೊಟ್ಟದ್ದು.

ಪಾಸ್‌ಬುಕ್

ಹೌದು. 2023ರ ಡಿಸೆಂಬರ್ 8ರಂದು ಲೋಕಸಭೆಯಿಂದ ಹೊರಹಾಕಿದರು. ಲಾಗಿನ್ ಕೊಟ್ಟದ್ದನ್ನು ಅವರು ಒಪ್ಪಿದ್ದರು, ದುಡ್ಡು ತಗೊಂಡು ಪ್ರಶ್ನೆ ಕೇಳಿದರು ಅನ್ನುವ ಆರೋಪ ಒಪ್ಪಲಿಲ್ಲ. ಕೊಡಬಾರದು ಅಂತ ನಿಯಮ ಎಲ್ಲಿದೆ ಅಂತಲೂ ಕೇಳಿದ್ದರು. 2024ರಲ್ಲಿ ಮತ್ತೆ ಗೆದ್ದು ಬಂದರು.

ನಿರ್ವಾಹಕ

ರಾಜಕೀಯ ಇಲ್ಲಿಗೆ ಸಾಕು. ಈ ವಿಷಯದ ಮುಂದಿನ ಏಳು ಕಾಮೆಂಟ್ ತೆಗೆದಿದ್ದೇನೆ. ಕುಮಟಾದವರ ಪ್ರಶ್ನೆಗೆ ಮರಳಿ.

ತೋಟದ ಮನೆ

ಒಂದು ಕೇಳುವುದಿತ್ತು. ಅಕ್ಕನ ಮಗ ಕಾಲೇಜಿನಲ್ಲಿದ್ದಾನೆ. ಅವನ ಬ್ಯಾಂಕ್ ಖಾತೆಯನ್ನು ತಿಂಗಳಿಗೆ ಬಾಡಿಗೆ ಕೊಡು, ಸಿಮ್ಮು ಮತ್ತು ಪಾಸ್‌ವರ್ಡ್ ಕೊಟ್ಟರೆ ಸಾಕು, ಐದು ಸಾವಿರ ಕೊಡುತ್ತೇವೆ ಅಂತ ಯಾರೋ ಟೆಲಿಗ್ರಾಮಿನಲ್ಲಿ ಕೇಳಿದ್ದಾರಂತೆ. ಕೊಡಬಹುದಾ?

ಪಾಸ್‌ಬುಕ್

ಬೇಡ. ಬೇಡ. ಯಾರದೋ ದೋಚಿದ ದುಡ್ಡು ಸಾಗಿಸಲಿಕ್ಕೆ ಆ ಖಾತೆ. ದುಡ್ಡು ಕಳೆದುಕೊಂಡವರು 1930ಕ್ಕೆ (ಸೈಬರ್ ವಂಚನೆಯ ಸಹಾಯವಾಣಿ) ಫೋನ್ ಮಾಡಿದ ಕೂಡಲೇ ದಾರಿ ಹಿಡಿದು ಬರುವುದು ಇವನ ಹೆಸರಿಗೆ. ಖಾತೆ ಫ್ರೀಜ್ ಆಗುತ್ತದೆ, ಯಾವುದೋ ರಾಜ್ಯದ ಪೊಲೀಸರ ನೋಟಿಸು ಮನೆಗೆ ಬರುತ್ತದೆ.

ಶಿರಸಿ ಕೋರ್ಟ್ ರಸ್ತೆ

ಇಲ್ಲಿ "ನಾನು ಪಾಸ್‌ವರ್ಡ್ ಮಾತ್ರ ಕೊಟ್ಟೆ" ಅನ್ನುವ ವಾದ ನಿಲ್ಲುವುದಿಲ್ಲ. ಸುಮ್ನೆ ಐದು ಸಾವಿರ ಯಾರು ಕೊಡುತ್ತಾರೆ ಅಂತ ಜಡ್ಜ್ ಕೇಳುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 318 ವಂಚನೆ, ಐಟಿ ಕಾಯ್ದೆಯ 66ಡಿ (ಕಂಪ್ಯೂಟರ್ ಬಳಸಿ ಬೇರೆಯವರ ಸೋಗಿನಲ್ಲಿ ವಂಚನೆ), ಕುಮ್ಮಕ್ಕು, ಎಲ್ಲ ಸೇರಿಸುತ್ತಾರೆ. ಹುಡುಗನಿಗೆ ಇವತ್ತೇ ಫೋನ್ ಮಾಡಿ ಅಕ್ಕ.

ಕುಮಟಾ ಪೇಟೆ

ಎಲ್ಲರಿಗೂ ಥ್ಯಾಂಕ್ಸ್. ಈಗ ನಾವು ಎಂತ ಮಾಡಬೇಕು? ತಂಗಿ ಹೆದರಿ ಆ ವಾಟ್ಸಾಪ್ ಮೆಸೇಜ್ ಡಿಲೀಟ್ ಮಾಡುತ್ತೇನೆ ಅನ್ನುತ್ತಿದ್ದಾಳೆ.

ಶಿರಸಿ ಕೋರ್ಟ್ ರಸ್ತೆ

ಮುಟ್ಟಬೇಡಿ! ಅವಳನ್ನು ಕಾಪಾಡುವುದೇ ಆ ಮೆಸೇಜು. ಹನ್ನೊಂದು ಗಂಟೆಯ ಕಾಲ್, ಗೆಸ್ಟ್ ನಿಂತಿದ್ದಾರೆ ಅನ್ನುವ ಮಾತು, ಮಾಲೀಕರಿಗೆ ಮಾಡಿದ ಮಿಸ್ಡ್ ಕಾಲ್, ಎಲ್ಲ ಇರಲಿ. ಫೋನನ್ನೂ ಬದಲಾಯಿಸಬೇಡಿ, ರೀಸೆಟ್ ಮಾಡಬೇಡಿ. ಫೋನಿನಲ್ಲಿರುವುದನ್ನು ಕೋರ್ಟಿಗೆ ಸಾಕ್ಷ್ಯವಾಗಿ ಕೊಡಲು ಬೇಕಾಗುವ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಕೊಡುವಾಗ ಮೂಲ ಫೋನ್ ಬೇಕಾಗಬಹುದು. ಮಾನಿಟರ್ ಚೀಟಿಯ ಫೋಟೋ ಯಾರ ಹತ್ತಿರವಾದರೂ ಇದೆಯಾ ಕೇಳಿ. ರಿಸೆಪ್ಷನ್ನಿನಲ್ಲಿ ತೆಗೆದ ಸೆಲ್ಫಿಯ ಹಿಂದೆ ಕಂಡರೂ ಆಯಿತು.

ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಿಂದ ಕರೆದರೆ ಹೋಗಲಿ. ವಕೀಲರ ಜೊತೆ ಹೋಗಲಿ. ಐಟಿ ಕಾಯ್ದೆಯ ತನಿಖೆ ಮಾಡುವವರು ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನವರೇ ಆಗಿರಬೇಕು. ನಡೆದದ್ದನ್ನು ನಡೆದ ಹಾಗೇ ಹೇಳಲಿ. ಮಾಲೀಕರು ನಷ್ಟ ಕೇಳುವುದಾದರೆ ಅದಕ್ಕೆ ಬೇರೆ ದಾರಿ ಇದೆ. ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯೇ ನ್ಯಾಯನಿರ್ಣಯ ಅಧಿಕಾರಿ, 5 ಕೋಟಿವರೆಗಿನ ಪರಿಹಾರ ಅರ್ಜಿ ಅವರ ಮುಂದೆ ಹೋಗುತ್ತದೆ. ಅಲ್ಲಿ ಚೀಟಿ ಅಂಟಿಸಿದ ಕಥೆ ಮಾಲೀಕರೇ ಹೇಳಬೇಕಾಗುತ್ತದೆ.

ಒಂದು ಕೇಳಲೇ? ಆ ಹುಡುಗ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದೆ. ಮಾಲೀಕರು ಈಗ ಯಾಕೆ ಎದ್ದರು?

ಕುಮಟಾ ಪೇಟೆ

ಅದು… ತಂಗಿಗೆ ಎರಡು ತಿಂಗಳ ಸಂಬಳ ಬಾಕಿ ಇದೆ. ಹೋದ ವಾರ ಕೇಳಲು ಹೋಗಿದ್ದಳು. ಅದರ ಮಾರನೇ ದಿನ ಈ ಫೋನ್ ಬಂದದ್ದು.

ಬೈತಖೋಲ

ಅಲ್ಲಿಗೆ ಬಂತು ನೋಡಿ!

ಶಿರಸಿ ಕೋರ್ಟ್ ರಸ್ತೆ

ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು ಮಾರಾಯ್ರೆ. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು ಅಂತ 2019ರ ವೇತನ ಸಂಹಿತೆ ಹೇಳುತ್ತದೆ. ಮಾಲೀಕರು ಏನಾದರೂ ಹೇಳುವುದಿದ್ದರೆ ಬರೆದು ಕಳಿಸಲಿ, ಫೋನಿನಲ್ಲಿ ಮಾತು ಬೇಡ. ನೀವು ಸಂಬಳ ಕೇಳಿ ಒಂದು ಪತ್ರ ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿ, ಅದರ ಪ್ರತಿ ಹಿಡಿದುಕೊಂಡು ಕಾರ್ಮಿಕ ಇಲಾಖೆಗೆ ಹೋಗಿ. ತಂಗಿಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಿಂದಿನ ಸಂಬಳ ಬಂದದ್ದು ಕಾಣುತ್ತದಾ, ಅಥವಾ ಕೈಗೆ ಕೊಡುತ್ತಿದ್ದರಾ?

ಕುಮಟಾ ಪೇಟೆ

ಅರ್ಧ ಖಾತೆಗೆ, ಅರ್ಧ ಕೈಗೆ.

ಶಿರಸಿ ಕೋರ್ಟ್ ರಸ್ತೆ

ಸರಿ, ಸ್ಟೇಟ್‌ಮೆಂಟ್ ತೆಗೆಸಿ ಇಟ್ಟುಕೊಳ್ಳಿ. ಸೋಮವಾರ ನಾನು ಕುಮಟಾ ಕೋರ್ಟಿಗೆ ಬರುವವನಿದ್ದೇನೆ. ನಂಬರನ್ನು ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶದಲ್ಲಿ ಕಳಿಸಿ.